ಮಕ್ಕಳ ಊಟ: ಹೊಟ್ಟೆ ತುಂಬಿದರೆ ಸಾಕೇ?

ಬೆಳಗಿನ ಆರೂವರೆ ಗಂಟೆ. ಮದ್ರಸದ ಬೆಂಚಿನಲ್ಲಿ ಸಾಲಾಗಿ ಕುಳಿತ ಮಕ್ಕಳನ್ನು ಒಮ್ಮೆ ಕೇಳಿ ನೋಡಿ: “ಏನು ತಿಂದು ಬಂದಿರಿ ಮಕ್ಕಳೇ?” ಹೆಚ್ಚಿನವರ ಉತ್ತರ ಒಂದೇ. “ಚಾಯ, ಬಿಸ್ಕೆಟ್ ಉಸ್ತಾದ್.” ಕೆಲವರು ತಲೆ ತಗ್ಗಿಸಿ “ಏನೂ ಇಲ್ಲ” ಎನ್ನುತ್ತಾರೆ. ಎಂಟೂವರೆಗೆ ಮದ್ರಸ ಬಿಡುತ್ತದೆ. ಮನೆಗೆ ಓಡಬೇಕು, ಸಮವಸ್ತ್ರ ತೊಡಬೇಕು, ಅಷ್ಟರಲ್ಲಿ ಗೇಟಿನ ಹೊರಗೆ ಶಾಲಾ ವ್ಯಾನಿನ ಹಾರನ್. ತಾಯಿ ಹಿಂದಿನಿಂದ ಓಡಿ ಬಂದು ಬಾಯಿಗೆ ತುರುಕುವ ಎರಡು ತುತ್ತು ದೋಸೆಯೇ ಆ ಮಗುವಿನ ಬೆಳಗಿನ ಉಪಾಹಾರ. ನಮ್ಮ ಕರಾವಳಿಯ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ದಿನವೂ ಕಾಣುವ ದೃಶ್ಯವಿದು.

ಇಪ್ಪತ್ತು ವರ್ಷಗಳಿಂದ ಬೆಳಿಗ್ಗೆ ಮದ್ರಸದಲ್ಲಿ, ಹಗಲು ಶಾಲೆಯಲ್ಲಿ ಪಾಠ ಹೇಳುತ್ತಿರುವ ನಾನು ಇದನ್ನು ದಿನವೂ ನೋಡುತ್ತಲೇ ಇದ್ದೆ. ಆದರೆ ಅದು ಎಷ್ಟು ಗಂಭೀರ ವಿಷಯವೆಂದು ಅರ್ಥವಾದದ್ದು ನನ್ನ ಸ್ವಂತ ಮನೆಗೇ ಪೆಟ್ಟು ಬಿದ್ದಾಗ.

ಆರು ವರ್ಷಗಳ ಹಿಂದಿನ ಮಾತು. ಮಗಳಿಗೆ ಆಗ ಹನ್ನೊಂದು ವರ್ಷ, ಆರನೇ ತರಗತಿ. ಚೆನ್ನಾಗಿ ಓದುತ್ತಿದ್ದ ಹುಡುಗಿ ನಿಧಾನವಾಗಿ ಹಿಂದೆ ಬೀಳತೊಡಗಿದಳು. ಸಂಜೆ ಬಂದವಳೇ ಮಲಗಿಬಿಡುವಳು. ತಲೆನೋವು ಎನ್ನುವಳು. ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಮಾಡಿದ್ದೇನು? ಗದರಿದೆ. “ಸೋಮಾರಿತನ, ಮೊಬೈಲ್ ನೋಡಿ ನೋಡಿ ಹೀಗಾಗಿದ್ದೀ” ಎಂದೆ. ಪಾಠ ಒಪ್ಪಿಸದಿದ್ದಾಗ ಇತರ ಮಕ್ಕಳ ಮುಂದೆಯೇ ನಿಲ್ಲಿಸಿದೆ. ಒಂದು ದಿನ ಶಾಲೆಯ ಪ್ರಾರ್ಥನೆಯ ವೇಳೆ ಅವಳು ಕುಸಿದು ಬಿದ್ದಳೆಂದು ಫೋನ್ ಬಂತು.

ವೈದ್ಯರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8.6. ಆ ವಯಸ್ಸಿನ ಮಕ್ಕಳಲ್ಲಿ ಅದು 11.5ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. “ಬೆಳಿಗ್ಗೆ ಏನು ತಿನ್ನುತ್ತಾಳೆ?” ಎಂದು ಅವರು ನನ್ನನ್ನೇ ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ನನ್ನ ಮಗಳು ಬೆಳಿಗ್ಗೆ ಏನು ತಿಂದು ಮನೆ ಬಿಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. “ಚಾಯ, ರಸ್ಕ್” ಎಂದಳು ಹೆಂಡತಿ, ಮೆಲ್ಲನೆ. ಅವಳು ಸೋಮಾರಿಯಾಗಿರಲಿಲ್ಲ, ಮೈಯಲ್ಲಿ ರಕ್ತವಿರಲಿಲ್ಲ. ನಾನು ಗದರಿದ್ದು ಒಂದು ರೋಗವನ್ನು. ಈ ನೆನಪು ಇಂದಿಗೂ ನನ್ನನ್ನು ಕಾಡುತ್ತದೆ. ಆ ಕಾರಣಕ್ಕೇ ಈ ಲೇಖನ.

ಡಬ್ಬ ತುಂಬಿದ್ದರೂ ಮೈ ಬರಿದು

ನಮ್ಮದು ಹಸಿವಿನ ಮನೆಯಾಗಿರಲಿಲ್ಲ. ಶುಕ್ರವಾರ ಬಿರಿಯಾನಿ ಇತ್ತು, ಬಿಸ್ಕೆಟಿನ ಡಬ್ಬ ತುಂಬಿತ್ತು, ನೆಂಟರು ತಂದ ಸಿಹಿತಿಂಡಿ ಇತ್ತು. ಇಲ್ಲದ್ದು ಮಗುವಿನ ಮೈಗೆ ಬೇಕಾದ ಆಹಾರ, ಅದು ಬೇಕಾದ ಹೊತ್ತಿಗೆ. ಇದು ಒಂದು ಮನೆಯ ಕಥೆಯೂ ಅಲ್ಲ. 2016ರಿಂದ 2018ರವರೆಗೆ ಕೇಂದ್ರ ಆರೋಗ್ಯ ಸಚಿವಾಲಯ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 24ರಷ್ಟು, 10ರಿಂದ 19 ವರ್ಷದವರಲ್ಲಿ ಶೇ. 28ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಈ ಎರಡನೇ ಗುಂಪಿನಲ್ಲಿ ಹುಡುಗರ ಪ್ರಮಾಣ ಶೇ. 18 ಆದರೆ ಹುಡುಗಿಯರದ್ದು ಶೇ. 40. ಅದೇ ಸಮೀಕ್ಷೆಯಲ್ಲಿ ಶಾಲಾ ವಯಸ್ಸಿನ ಹತ್ತು ಮಕ್ಕಳಲ್ಲಿ ಸುಮಾರು ಒಂದು ಮಗು ಮಧುಮೇಹದ ಅಂಚಿನಲ್ಲಿರುವುದೂ ಕಂಡುಬಂತು. ಅಂದರೆ ಒಂದು ಕಡೆ ರಕ್ತವಿಲ್ಲದ ಮಕ್ಕಳು, ಇನ್ನೊಂದು ಕಡೆ ಸಕ್ಕರೆ ಏರುತ್ತಿರುವ ಮಕ್ಕಳು. ಎಷ್ಟೋ ಬಾರಿ ಎರಡರ ಮೂಲವೂ ಒಂದೇ: ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಪವಿತ್ರ ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್ ಎಂಬ ಇನ್ನೊಂದು ಪದವನ್ನೂ ಬಳಸಿದೆ. ತಯ್ಯಿಬ್ ಎಂದರೆ ಒಳ್ಳೆಯದು, ಶುದ್ಧವಾದುದು. ಪ್ಯಾಕೆಟಿನ ಮೇಲೆ ಹಲಾಲ್ ಮುದ್ರೆ ಹುಡುಕುವ ನಾವು ಆ ಎರಡನೇ ಪದವನ್ನು ಮರೆತುಬಿಟ್ಟಿದ್ದೇವೆಯೇ ಎಂದು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ.

ಚಾಯ ಮತ್ತು ರಕ್ತ

ಮಗಳ ವೈದ್ಯರು ಮೊದಲು ನಿಲ್ಲಿಸಿದ್ದು ಚಾಯವನ್ನು. ಚಹಾದಲ್ಲಿರುವ ಟ್ಯಾನಿನ್ ಎಂಬ ಅಂಶವು ನಾವು ತಿಂದ ಆಹಾರದ ಕಬ್ಬಿಣಾಂಶವನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, ಊಟದ ಹಿಂದಿನ ಮತ್ತು ಮುಂದಿನ ಒಂದು ಗಂಟೆ ಚಹಾ, ಕಾಫಿ ಬೇಡ ಎಂದಿದೆ. ಇದು ದೊಡ್ಡವರಿಗೆ ಹೇಳಿದ ಮಾತು. ಹಾಗಿರುವಾಗ ಬೆಳೆಯುವ ಮಕ್ಕಳಿಗೆ ಚಹಾದ ಅಗತ್ಯವಾದರೂ ಏನು? ಅದರ ಜೊತೆಗಿನ ಬಿಸ್ಕೆಟ್ ಎಂದರೆ ಮುಖ್ಯವಾಗಿ ಮೈದಾ, ಸಕ್ಕರೆ ಮತ್ತು ಎಣ್ಣೆ. ಹಸಿವು ಆ ಕ್ಷಣಕ್ಕೆ ಅಡಗುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಮಗು ಆಕಳಿಸುತ್ತದೆ. ಅದನ್ನು ನಾವು ನಿದ್ದೆ ಎನ್ನುತ್ತೇವೆ, ಅಲಕ್ಷ್ಯ ಎನ್ನುತ್ತೇವೆ.

“ಹಾಗಾದರೆ ಅಷ್ಟು ಬೇಗ ಏನು ಕೊಡುವುದು?” ಎಂದು ನೀವು ಕೇಳಬಹುದು. ನಿಮ್ಮ ಕಷ್ಟ ನನಗೆ ಗೊತ್ತಿದೆ. ಸುಬಹಿಗೆ ಎದ್ದವರು ಒಲೆಯ ಮುಂದೆಯೇ ಇರುತ್ತೀರಿ. ಆದ್ದರಿಂದ ನಮ್ಮ ಮನೆಯಲ್ಲಿ ಬೆಳಗಿನ ಆಹಾರವನ್ನು ಎರಡು ಭಾಗ ಮಾಡಿಕೊಂಡೆವು. ಮದ್ರಸಕ್ಕೆ ಹೊರಡುವ ಮುಂಚೆ ಒಂದು ಲೋಟ ಹಾಲು, ಜೊತೆಗೆ ಬಾಳೆಹಣ್ಣು ಅಥವಾ ಎರಡು ಖರ್ಜೂರ. ಹಾಲು ಸೇರದ ದಿನ ರಾಗಿ ಮಾಲ್ಟ್. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಲುಬು ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಅಗ್ಗದ ಒಳ್ಳೆಯ ಆಹಾರ ಸಿಗುವುದು ಕಷ್ಟ.

ಮದ್ರಸ ಬಿಟ್ಟು ಬಂದ ಮೇಲೆ ಕುಳಿತು ತಿನ್ನುವ ನಿಜವಾದ ಉಪಾಹಾರ. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ರಾತ್ರಿಯೇ ಸಿದ್ಧವಾಗಬೇಕು. ಸಮವಸ್ತ್ರ, ಸಾಕ್ಸ್, ಪುಸ್ತಕದ ಚೀಲ ಎಲ್ಲವನ್ನೂ ಮಲಗುವ ಮುಂಚೆ ಮಕ್ಕಳ ಕೈಯಿಂದಲೇ ಜೋಡಿಸಿಡಿಸಿ. ಹೆಸರು ಕಾಳು, ಕಡಲೆಯನ್ನು ರಾತ್ರಿ ನೆನೆಹಾಕಿ. ನಾನೂ ಮದ್ರಸದ ಸಮಿತಿಯವರೊಂದಿಗೆ ಮಾತನಾಡಿದೆ. ಪಾಠಕ್ಕೆ ತೊಂದರೆಯಾಗದಂತೆ ಹದಿನೈದು ನಿಮಿಷ ಬೇಗ ಬಿಡಲು ಅವರು ಒಪ್ಪಿದರು. ನಿಮ್ಮ ಊರಿನಲ್ಲೂ ತಂದೆಯಂದಿರು ಈ ಮಾತನ್ನು ಎತ್ತಬಹುದು. ಹೊಟ್ಟೆಗೆ ಬಿದ್ದ ಮಗು ಹದಿನೈದು ನಿಮಿಷದ ಪಾಠವನ್ನು ಐದೇ ನಿಮಿಷದಲ್ಲಿ ಕಲಿಯುತ್ತದೆ. ಇದು ನನ್ನ ಅನುಭವ.

ನಮ್ಮ ಅಡುಗೆಮನೆಯಲ್ಲೇ ಇದೆ

ಪೌಷ್ಟಿಕ ಆಹಾರ ಎಂದ ಕೂಡಲೇ ಟಿವಿ ಜಾಹೀರಾತಿನ ಪುಡಿ ಡಬ್ಬಗಳು ಕೆಲವರ ನೆನಪಿಗೆ ಬರುತ್ತವೆ. ಅದರ ಅಗತ್ಯವಿಲ್ಲ. ನಮ್ಮ ಅಜ್ಜಿಯಂದಿರ ಅಡುಗೆಯನ್ನು ನೆನಪಿಸಿಕೊಳ್ಳಿ. ಕುಚ್ಚಲಕ್ಕಿಯ ಗಂಜಿ, ಅದಕ್ಕೆ ಹೆಸರು ಕಾಳಿನ ಪಲ್ಯ. ಪುಂಡಿಯ ಜೊತೆ ಕಡಲೆ ಗಸಿ. ನೀರುದೋಸೆಯ ಜೊತೆ ಒಂದು ಮೊಟ್ಟೆ. ನೆಲಗಡಲೆ ಹಾಕಿ ಲಿಂಬೆ ಹಿಂಡಿದ ಅವಲಕ್ಕಿ. ತರಕಾರಿ ಹೆಚ್ಚಿ ಹಾಕಿದ ಸಜ್ಜಿಗೆ. ಯಾವುದೂ ದುಬಾರಿಯಲ್ಲ, ಯಾವುದೂ ಅಪರಿಚಿತವಲ್ಲ.

ಒಂದು ಸುಲಭದ ಲೆಕ್ಕ ಇಟ್ಟುಕೊಳ್ಳಿ. ಪ್ರತಿ ಹೊತ್ತಿನ ತಟ್ಟೆಯಲ್ಲಿ ಮೂರು ಸಂಗತಿ ಇರಲಿ. ಶಕ್ತಿಗಾಗಿ ಅನ್ನ, ರೊಟ್ಟಿ, ದೋಸೆಯಲ್ಲಿ ಒಂದು. ಬೆಳವಣಿಗೆಗಾಗಿ ಕಾಳು, ಬೇಳೆ, ಮೊಟ್ಟೆ, ಮೀನು, ಮಾಂಸದಲ್ಲಿ ಒಂದು. ರಕ್ಷಣೆಗಾಗಿ ಸೊಪ್ಪು, ತರಕಾರಿ ಅಥವಾ ಹಣ್ಣು. ನಮ್ಮ ಮನೆಗಳಲ್ಲಿ ಮೊದಲ ಎರಡು ಹೇಗೋ ಇರುತ್ತವೆ, ಮೂರನೆಯದ್ದೇ ಕಾಣೆ. ಮಾಂಸವಿದ್ದ ದಿನ ಪಲ್ಯ ಬೇಡ ಎಂಬುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಕೋಳಿ ಸಾರಿನ ಪಕ್ಕದಲ್ಲಿ ಒಂದು ಹಿಡಿ ಹರಿವೆ ಸೊಪ್ಪಿನ ಪಲ್ಯ, ಬಿರಿಯಾನಿಯ ಜೊತೆ ಸೌತೆಕಾಯಿ, ಕ್ಯಾರೆಟ್ ಇದ್ದರೆ ಯಾವ ರುಚಿಯೂ ಕೆಡುವುದಿಲ್ಲ. ಹಿತ್ತಿಲಿನ ನುಗ್ಗೆ, ಬಸಳೆಗೆ ಹಣ ಕೊಡಬೇಕಿಲ್ಲ. ಕರಾವಳಿಯ ಬೂತಾಯಿ, ಬಂಗುಡೆಯಂತಹ ಸಾಮಾನ್ಯ ಮೀನುಗಳು ದೊಡ್ಡ ಬೆಲೆಯ ಮೀನಿಗಿಂತ ಗುಣದಲ್ಲಿ ಕಡಿಮೆಯೇನಲ್ಲ.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಸಿ ಜೀವಸತ್ವ ಜೊತೆಗಿರಬೇಕು. ಊಟದಲ್ಲಿ ನಾಲ್ಕು ಹನಿ ಲಿಂಬೆರಸ, ಊಟದ ನಂತರ ಒಂದು ಪೇರಳೆ ಅಥವಾ ನೆಲ್ಲಿಕಾಯಿ ಆ ಕೆಲಸ ಮಾಡುತ್ತದೆ. ಚಾಯ ಕಿತ್ತುಕೊಳ್ಳುವುದನ್ನು ಲಿಂಬೆ ಕೊಡಿಸುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಒಂದೇ ತಟ್ಟೆಯ ಪಾಠ

ಆದರೆ ಒಳ್ಳೆಯದನ್ನು ಬೇಯಿಸಿಟ್ಟ ಮಾತ್ರಕ್ಕೆ ಮಕ್ಕಳು ತಿನ್ನುತ್ತಾರೆಯೇ? ಇಲ್ಲಿ ನನಗೆ ಬಾಲಕ ಉಮರ್ ಇಬ್ನ್ ಅಬೀ ಸಲಮ(ರ)ರ ಘಟನೆ ನೆನಪಾಗುತ್ತದೆ. ಉಮ್ಮು ಸಲಮ(ರ)ರ ಈ ಮಗ ಪ್ರವಾದಿವರ್ಯರ(ಸ) ಆಶ್ರಯದಲ್ಲಿ ಬೆಳೆಯುತ್ತಿದ್ದರು. ಊಟದ ವೇಳೆ ಅವರ ಕೈ ತಟ್ಟೆಯ ತುಂಬೆಲ್ಲಾ ಓಡಾಡುತ್ತಿತ್ತು. ಪ್ರವಾದಿ(ಸ) ಗದರಲಿಲ್ಲ, ಎಬ್ಬಿಸಿ ಕಳುಹಿಸಲಿಲ್ಲ. ಅಲ್ಲಾಹನ ನಾಮ ಹೇಳಲು, ಬಲಗೈಯಿಂದ ತಿನ್ನಲು, ತನ್ನ ಹತ್ತಿರವಿರುವುದನ್ನು ತಿನ್ನಲು ಮೃದುವಾಗಿ ಹೇಳಿಕೊಟ್ಟರು. ಆನಂತರ ತನ್ನ ಊಟದ ರೀತಿ ಹಾಗೆಯೇ ಉಳಿಯಿತೆಂದು ಅವರೇ ಹೇಳಿದ್ದನ್ನು ಬುಖಾರಿ ಗ್ರಂಥದಲ್ಲಿ ಕಾಣುತ್ತೇವೆ.

ಈ ಹದೀಸನ್ನು ನಾನು ವರ್ಷಗಳಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಬಿಸ್ಮಿಲ್ಲಾ, ಬಲಗೈ, ಹತ್ತಿರದ್ದು, ಇಷ್ಟನ್ನೇ ನೋಡಿದ್ದೆ. ಮಗಳ ಕಾಯಿಲೆಯ ನಂತರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪ್ರವಾದಿ(ಸ) ಆ ಪಾಠ ಹೇಳಿಕೊಟ್ಟದ್ದು ಮಗುವಿನ ಜೊತೆ ಅದೇ ತಟ್ಟೆಯ ಮುಂದೆ ಕುಳಿತು. ಊಟದ ಅಭ್ಯಾಸ ಕಲಿಸುವುದು ದೊಡ್ಡವರು ಜೊತೆಗೆ ಕುಳಿತಾಗ ಮಾತ್ರ. ನಾವೋ? ಮಗು ಟಿವಿಯ ಮುಂದೆ, ತಾಯಿ ಅಡುಗೆಮನೆಯಲ್ಲಿ, ತಂದೆ ಅಂಗಡಿಯಲ್ಲಿ, ಅಣ್ಣ ಮೊಬೈಲ್ ಹಿಡಿದು ಕೋಣೆಯಲ್ಲಿ. ಒಂದೇ ಮನೆಯಲ್ಲಿ ನಾಲ್ಕು ಊಟ. ಮಗು ಯಾರನ್ನು ನೋಡಿ ಕಲಿಯಬೇಕು?

ದಿನದಲ್ಲಿ ಒಂದು ಹೊತ್ತಾದರೂ ಎಲ್ಲರೂ ಜೊತೆಗೆ ಕುಳಿತು ಉಣ್ಣಿ. ಇಶಾ ನಮಾಝಿನ ನಂತರದ ಊಟ ಅದಕ್ಕೆ ಅನುಕೂಲ. ಟಿವಿ, ಮೊಬೈಲ್ ಆಗ ಬೇಡ. ತಂದೆ ತರಕಾರಿ ಪಲ್ಯವನ್ನು ಬದಿಗೆ ಸರಿಸಿದರೆ ಮಗನೂ ಸರಿಸುತ್ತಾನೆ. ತಾಯಿ ಎಲ್ಲರದ್ದೂ ಮುಗಿದ ಮೇಲೆ ಉಳಿದದ್ದನ್ನು ತಿಂದರೆ, ಹೆಣ್ಣಿನ ಪಾಲು ಕೊನೆಯದು ಎಂದು ಮಗಳು ಕಲಿಯುತ್ತಾಳೆ. ಮೀನಿನ ದೊಡ್ಡ ತುಂಡು ಮಗನಿಗೆ, ಸಣ್ಣದು ಮಗಳಿಗೆ ಬೀಳುವ ಮನೆಗಳು ಇನ್ನೂ ಇವೆ. ಶೇ. 18 ಮತ್ತು ಶೇ. 40ರ ನಡುವಿನ ಅಂತರಕ್ಕೆ ಮುಟ್ಟಿನ ರಕ್ತಸ್ರಾವ ಒಂದು ಕಾರಣ. ನಮ್ಮ ಬಡಿಸುವ ಸೌಟೂ ಅದಕ್ಕೆ ಕಾರಣವಾಗದಿರಲಿ.

ಒತ್ತಾಯ ಬೇಡ, ಲಂಚವೂ ಬೇಡ

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಅವರು ಹೆತ್ತವರಿಗೂ ಮಕ್ಕಳಿಗೂ ಕೆಲಸ ಹಂಚಿಕೊಡುತ್ತಾರೆ. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ಹೆತ್ತವರ ತೀರ್ಮಾನ. ಅದರಲ್ಲಿ ಎಷ್ಟು ತಿನ್ನಬೇಕು ಎಂಬುದು ಮಗುವಿನ ತೀರ್ಮಾನ. ನಾವು ಇದನ್ನು ತಿರುಗಿಸಿಬಿಟ್ಟಿದ್ದೇವೆ. ಏನು ಬೇಕೆಂದು ಮಗುವನ್ನು ಕೇಳುತ್ತೇವೆ, “ನೂಡಲ್ಸ್” ಎಂದರೆ ಅದನ್ನೇ ಮಾಡುತ್ತೇವೆ. ಆಮೇಲೆ ಎಷ್ಟು ತಿನ್ನಬೇಕೆಂದು ನಾವು ಹಟ ಹಿಡಿಯುತ್ತೇವೆ. ತುರುಕಿ ತಿನ್ನಿಸಿದ ಮಗುವಿಗೆ ತನ್ನ ಹಸಿವೇ ತಿಳಿಯದೆ ಹೋಗುತ್ತದೆ.

“ಪಲ್ಯ ತಿಂದರೆ ಐಸ್‌ಕ್ರೀಮ್” ಎಂಬ ಲಂಚವೂ ಒಳ್ಳೆಯದಲ್ಲ. ಪಲ್ಯ ಶಿಕ್ಷೆ, ಐಸ್‌ಕ್ರೀಮ್ ಬಹುಮಾನ ಎಂದು ನಾವೇ ಕಲಿಸಿದಂತಾಗುತ್ತದೆ. ಈ ತಪ್ಪನ್ನು ನಾನು ಮದ್ರಸದಲ್ಲಿ ಮಾಡುತ್ತಿದ್ದೆ. ಸೂರಃ ಒಪ್ಪಿಸಿದವರಿಗೆ ಜೇಬಿನಿಂದ ಚಾಕಲೇಟ್ ತೆಗೆದು ಕೊಡುತ್ತಿದ್ದೆ. ಈಗ ಪೆನ್ಸಿಲ್ ಕೊಡುತ್ತೇನೆ. ಮಕ್ಕಳ ಸಂತೋಷವೇನೂ ಕಡಿಮೆಯಾಗಿಲ್ಲ.

ಹೊಸ ರುಚಿಯನ್ನು ಮಕ್ಕಳು ಮೊದಲ ಸಲಕ್ಕೆ ಒಪ್ಪುವುದಿಲ್ಲ. ಹತ್ತು ಹದಿನೈದು ಸಲ ಸ್ವಲ್ಪ ಸ್ವಲ್ಪ ಕಂಡು, ಮೂಸಿ, ನಾಲಿಗೆಗೆ ತಾಗಿಸಿದ ಮೇಲೆ ಒಪ್ಪುವುದು ಸಹಜ. ನಾವು ಎರಡೇ ಸಲಕ್ಕೆ “ನನ್ನ ಮಗನಿಗೆ ಸೊಪ್ಪು ಆಗುವುದಿಲ್ಲ” ಎಂದು ನೆಂಟರ ಮುಂದೆ ಸಾರಿಬಿಡುತ್ತೇವೆ, ಮಗು ಆ ಮಾತನ್ನು ಕೇಳಿ ಹಾಗೆಯೇ ಆಗಿಬಿಡುತ್ತದೆ. ಪ್ರವಾದಿವರ್ಯರು(ಸ) ಎಂದೂ ಆಹಾರಕ್ಕೆ ಕೊಂಕು ನುಡಿಯುತ್ತಿರಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ಈ ಮಾದರಿ ಮನೆಯ ಎಲ್ಲರಿಗೂ ಇರಲಿ. “ಇಂದು ಬೇಡವೇ? ಸರಿ, ಇನ್ನೊಂದು ದಿನ” ಎಂದು ಸುಮ್ಮನಾಗಿ. ನುಗ್ಗೆ ಸೊಪ್ಪು ಬಿಡಿಸಲು, ಬಟಾಣಿ ಸುಲಿಯಲು ಮಕ್ಕಳನ್ನು ಕೂರಿಸಿ, ಗಂಡುಮಕ್ಕಳನ್ನೂ ಕೂಡ. ತಾವೇ ಬಿಡಿಸಿದ ಸೊಪ್ಪನ್ನು ರುಚಿ ನೋಡದೆ ಬಿಡುವ ಮಕ್ಕಳು ಕಡಿಮೆ.

ಗೂಡಂಗಡಿಯ ಪ್ಯಾಕೆಟ್

ಶಾಲೆ, ಮದ್ರಸಗಳ ಹತ್ತಿರದ ಗೂಡಂಗಡಿಗಳಲ್ಲಿ ತೋರಣದಂತೆ ತೂಗುವ ಬಣ್ಣದ ಪ್ಯಾಕೆಟ್‌ಗಳನ್ನು ನೀವೂ ನೋಡಿರುತ್ತೀರಿ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಆದರೆ ಮಗುವಿನ ಕೈಗೆ ಹತ್ತು ರೂಪಾಯಿ ಕೊಟ್ಟು ಕಳುಹಿಸುವವರು ನಾವೇ ಆದಾಗ ನಿಯಮ ಏನು ಮಾಡೀತು?

ಪ್ಯಾಕೆಟಿನ ಹಿಂಬದಿ ಓದಲು ಮಕ್ಕಳಿಗೆ ಕಲಿಸಿ. ಅದರಲ್ಲಿ ಯಾವ ವಸ್ತು ಹೆಚ್ಚಿದೆಯೋ ಅದರ ಹೆಸರು ಮೊದಲು ಇರುತ್ತದೆ. ಮೊದಲ ಮೂರು ಹೆಸರುಗಳಲ್ಲಿ ಸಕ್ಕರೆ, ಎಣ್ಣೆ ಕಂಡರೆ ಅದು ಹಸಿವಿಗೆ ತಿನ್ನುವಂಥದ್ದಲ್ಲ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರು ಟೀ ಚಮಚ. ನೆಂಟರು ಬಂದಾಗ ಲೋಟದಲ್ಲಿ ಆರು ಚಮಚ ಸಕ್ಕರೆ ಹಾಕಿ ಮಕ್ಕಳಿಗೆ ಕೊಡಲು ನಿಮ್ಮ ಕೈ ಬರುತ್ತದೆಯೇ? ಬಾಟಲಿಯಿಂದ ಸುರಿಯುವಾಗ ಮಾತ್ರ ನಮಗೆ ಅದು ಕಾಣುವುದಿಲ್ಲ. ಹಾಗೆಂದು ಪೂರ್ತಿ ನಿಷೇಧಿಸಲು ಹೋಗಬೇಡಿ. ಕದ್ದು ತಿನ್ನುವ ಮಕ್ಕಳು ಹೆಚ್ಚಾಗುತ್ತಾರೆ ಅಷ್ಟೇ. ವಾರದಲ್ಲಿ ಒಂದು ದಿನ ಎಂದು ಗೊತ್ತುಮಾಡಿ, ಉಳಿದ ದಿನ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಲೇಬೇಡಿ. ಶಾಲೆಯಿಂದ ಬಂದ ಹೊತ್ತಿಗೆ ಬೇಯಿಸಿದ ಗೆಣಸು, ಹುರಿದ ನೆಲಗಡಲೆ ಅಥವಾ ಹೆಚ್ಚಿದ ಹಣ್ಣು ಮೇಜಿನ ಮೇಲಿದ್ದರೆ ಹಸಿದ ಕೈ ಮೊದಲು ಅದಕ್ಕೇ ಹೋಗುತ್ತದೆ.

ರಮಝಾನಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಉತ್ಸಾಹದಿಂದ ಉಪವಾಸ ಹಿಡಿದ ಮಕ್ಕಳ ಮುಂದೆ ನಾವು ಕರಿದ ತಿಂಡಿಗಳ ರಾಶಿ ಇಡುತ್ತೇವೆ. ಖರ್ಜೂರ, ನೀರು, ಹಣ್ಣು ಮೊದಲು ಬರಲಿ, ಸಮೋಸ ನಂತರ ಒಂದೇ ಇರಲಿ. ಮಕ್ಕಳನ್ನು ಸಹ್ರಿಗೆ ಎಬ್ಬಿಸದೆ ಮಲಗಲು ಬಿಡಬೇಡಿ.

ಶಾಲೆಯಲ್ಲಿ ಸಿಗುವುದನ್ನು ಬಿಡಬೇಡಿ

ಸರಕಾರಿ ಶಾಲೆಯ ಬಿಸಿಯೂಟ ಬಡವರ ಊಟ ಎಂಬ ಭಾವನೆ ಕೆಲವು ಮನೆಗಳಲ್ಲಿದೆ. ಇದು ತಪ್ಪು. ನಮ್ಮ ರಾಜ್ಯದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್ 1ರಿಂದ ಆರಂಭವಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮೊಟ್ಟೆಯನ್ನು ವಾರದ ಆರು ದಿನಕ್ಕೆ ವಿಸ್ತರಿಸಲಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಮಗು ಅದನ್ನು ತಿನ್ನುತ್ತದೆಯೇ ಎಂದು ವಿಚಾರಿಸಿ.

ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಮಕ್ಕಳನ್ನು ನಾನು ಕಂಡಿದ್ದೇನೆ. ಚಿಕ್ಕವರಿಗೆ ಗುಲಾಬಿ, ಹತ್ತು ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. “ಮನೆಯಲ್ಲಿ ಬೇಡ ಅಂದಿದ್ದಾರೆ” ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ ನಿಜ, ಊಟದ ನಂತರ ನುಂಗಿದರೆ ಆ ತೊಂದರೆ ಕಡಿಮೆ. ಜಂತುಹುಳದ ಮಾತ್ರೆಯೂ ಹಾಗೆಯೇ. ಹೊಟ್ಟೆಯಲ್ಲಿ ಹುಳವಿದ್ದರೆ ನಾವು ಕೊಡುವ ಒಳ್ಳೆಯ ಆಹಾರವೂ ಪೂರ್ತಿ ಮೈಗೆ ಹತ್ತುವುದಿಲ್ಲ. ಇನ್ನೊಂದು ಮಾತು. ಶೌಚಾಲಯಕ್ಕೆ ಹೋಗಲು ಹೆದರಿ ಹಗಲಿಡೀ ನೀರು ಕುಡಿಯದ ಹೆಣ್ಣುಮಕ್ಕಳಿದ್ದಾರೆ. ನೀರಿನ ಬಾಟಲಿ ಸಂಜೆ ತುಂಬಿಯೇ ಮನೆಗೆ ಮರಳಿದರೆ ಗದರಬೇಡಿ, ಕಾರಣ ಕೇಳಿ. ಅಗತ್ಯವಿದ್ದರೆ ಶಾಲೆಗೆ ಹೋಗಿ ಮಾತನಾಡಿ.

ನನ್ನ ಮಗಳು ಚೇತರಿಸಿಕೊಳ್ಳಲು ಹಲವು ತಿಂಗಳು ಬೇಕಾದವು. ಮಾತ್ರೆ, ಮೊಟ್ಟೆ, ನುಗ್ಗೆ ಸೊಪ್ಪು, ರಾಗಿ, ಮತ್ತೆ ಎಲ್ಲರ ಜೊತೆ ಕುಳಿತು ಉಂಡ ರಾತ್ರಿಯೂಟ, ಇವೆಲ್ಲ ಸೇರಿ ಅವಳನ್ನು ಎಬ್ಬಿಸಿ ನಿಲ್ಲಿಸಿದವು. ಅಲ್‌ಹಮ್ದುಲಿಲ್ಲಾಹ್, ಈಗ ಪಿಯುಸಿ ಓದುತ್ತಿದ್ದಾಳೆ. ಊಟವಾದ ಕೂಡಲೇ ನಾನು ಚಾಯ ಕೇಳಿದರೆ “ಉಪ್ಪ, ಇನ್ನೂ ಒಂದು ಗಂಟೆ ಆಗಿಲ್ಲ” ಎಂದು ನನ್ನನ್ನೇ ಗದರುತ್ತಾಳೆ. ಆ ಗದರಿಕೆ ಕೇಳಲು ನನಗೆ ಹಿತವಾಗಿದೆ.

ಸಹೋದರಿಯರೇ, ಎಲ್ಲವನ್ನೂ ಒಂದೇ ದಿನದಲ್ಲಿ ಬದಲಾಯಿಸಬೇಕೆಂದು ನಾನು ಹೇಳುತ್ತಿಲ್ಲ. ನಾಳೆ ಬೆಳಿಗ್ಗೆ ಚಾಯದ ಲೋಟದ ಜಾಗದಲ್ಲಿ ಹಾಲಿನ ಲೋಟ ಇಡಿ. ನಾಳೆ ರಾತ್ರಿ ಎಲ್ಲರನ್ನೂ ಒಂದೇ ಕಡೆ ಊಟಕ್ಕೆ ಕೂರಿಸಿ. ಈ ಲೇಖನವನ್ನು ಮಡಚಿಡುವ ಮುಂಚೆ ನಿಮ್ಮ ಮನೆಯವರ ಕೈಗೂ ಕೊಟ್ಟು, ನಮ್ಮ ಮಗು ಬೆಳಿಗ್ಗೆ ಏನು ತಿನ್ನುತ್ತದೆಂದು ನಿಮಗೆ ಗೊತ್ತೇ ಎಂದು ಕೇಳಿ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತು. ಅವರ ವಿದ್ಯೆಯ ಬಗ್ಗೆ ಮಾತ್ರವಲ್ಲ, ಅವರ ಮೈಯ ಬಗ್ಗೆಯೂ ನಾಳೆ ನಮ್ಮನ್ನು ವಿಚಾರಿಸಲಾಗುವುದು. ಆ ಹೊಣೆಯನ್ನು ಚೆನ್ನಾಗಿ ನಿಭಾಯಿಸುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.